ಕೈ ಸಿಸ್ಟರ್ ಮನೆಯಲ್ಲಿ ಕೂತ ದಿನಗಳು

ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ಅವಳನ್ನು ಹೆತ್ತವರಿಟ್ಟ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಅವಳು ಕೈ ಸಿಸ್ಟರ್. ಎದುರಿಗೆ ಯಾರು ಬಂದರೂ ಅವಳ ಕಣ್ಣು ಮೊದಲು ಹೋಗುತ್ತಿದ್ದದ್ದು ಕೈಗೆ. ಉಗುರು ಬೆಳೆದಿದೆಯೇ, ಬೆರಳಲ್ಲಿ ಉಂಗುರವಿದೆಯೇ, ಅಂಗಿಯ ತೋಳು ಮಣಿಕಟ್ಟಿನವರೆಗೆ ಇಳಿದಿದೆಯೇ ಎಂದು ನೋಡಿಕೊಂಡ ಮೇಲೆಯೇ ಮಾತು. ಬಸ್ಸಿನಲ್ಲಿ ಟಿಕೆಟ್ ಹರಿದುಕೊಟ್ಟ ಕಂಡಕ್ಟರನ ಉಗುರನ್ನೂ ಬಿಟ್ಟವಳಲ್ಲ. ಅಂಥವಳ ಗಂಡ ಸ್ಕೂಟರ್ ಮೆಕ್ಯಾನಿಕ್. ಬೀದಿಯ ತಿರುವಿನಲ್ಲಿದ್ದ ಅವನ ಶೆಡ್ಡಿನ ತುಂಬ ಗ್ರೀಸು, ಎಣ್ಣೆ, ಹಳೆಯ ಟ್ಯೂಬು. ಅವನ ಬೆರಳ ಗೆರೆಗಳಲ್ಲಿ ಕಪ್ಪು ಖಾಯಂ ಆಗಿ ಮನೆ ಮಾಡಿಕೊಂಡಿತ್ತು. "ಊರಿಗೆಲ್ಲ ಕೈ ತೊಳೆಸೋಳ ಗಂಡನ ಕೈ ನೋಡ್ರಪ್ಪ" ಎಂದು ಪಕ್ಕದ ಮನೆಯವರು ನಕ್ಕರೆ ಅವನೂ ನಗುತ್ತಿದ್ದ. "ಮದುವೆ ಹೊತ್ತಿಗೆ ಇವಳಿಗೆ ಈ ಹುಚ್ಚು ಇರಲಿಲ್ಲ. ಇದ್ದಿದ್ರೆ ನಂಗೆ ಹೆಣ್ಣೇ ಸಿಕ್ತಿರಲಿಲ್ಲ."

ಅವಳೇನೂ ಚಿಕ್ಕಂದಿನಿಂದ ನರ್ಸ್ ಆಗುವ ಕನಸು ಕಂಡವಳಲ್ಲ. ಅಕ್ಕ ಟೀಚರ್ ಆದಳು, ಇವಳಿಗೆ ನರ್ಸಿಂಗ್ ಸೀಟು ಸಿಕ್ಕಿತು, ಅಷ್ಟೆ. ಹೆರಿಗೆ ವಾರ್ಡು, ಮೂಳೆ ವಾರ್ಡು ಸುತ್ತಿ ಈ ವಾರ್ಡಿಗೆ ಬಿದ್ದಾಗ ಜೊತೆಯವರು ಅಯ್ಯೋ ಎಂದಿದ್ದರು. ಬೋಳುತಲೆಯ ಮಕ್ಕಳು, ಮಾತು ಕಡಿಮೆ ಮಾಡಿಕೊಂಡ ತಾಯಂದಿರು, ಎದೆಯ ದೊಡ್ಡ ರಕ್ತನಾಳಕ್ಕೆ ಇಳಿಸಿದ ಸಣ್ಣ ಕೊಳವೆಗಳು. ಆ ಕೊಳವೆಗೆ ವಾರ್ಡಿನವರು ಲೈನ್ ಎನ್ನುತ್ತಿದ್ದರು. ಮೊದಲ ತಿಂಗಳು ಅವಳು ಮನೆಗೆ ಬಂದು ಸುಮ್ಮನೆ ಮಲಗುತ್ತಿದ್ದಳು. ಆಮೇಲೆ ಎಲ್ಲರಿಗೂ ಆಗುವಂತೆ ಅವಳಿಗೂ ರೂಢಿಯಾಯಿತು.

ಒಂದು ಮಾತ್ರ ರೂಢಿಯಾಗಲಿಲ್ಲ. ಕ್ಯಾನ್ಸರಿಗೆ ಕೊಡುವ ಔಷಧಿ ರೋಗದ ಜೊತೆಗೆ ಮೈಯನ್ನು ಕಾಯುವ ಬಿಳಿ ರಕ್ತಕಣಗಳನ್ನೂ ಹೊಡೆಯುತ್ತದೆ. ಕೆಲವು ದಿನ ಮಗುವಿನ ಮೈ ಬಾಗಿಲೂ ಇಲ್ಲದ, ಕಾವಲೂ ಇಲ್ಲದ ಮನೆಯಂತಾಗುತ್ತದೆ. ಬೇರೆ ಮಕ್ಕಳಿಗೆ ಮೂಗು ಸೋರಿ ಹೋಗುವಷ್ಟರ ಸೋಂಕು ಇವರನ್ನು ಕರೆದುಕೊಂಡೇ ಹೋಗುತ್ತದೆ. ಹಾಗೆ ಹೋದವನು ಒಬ್ಬ ಬಟ್ಟೆ ಅಂಗಡಿಯವನ ಮಗ. ಹೊಟ್ಟೆಯ ಗಡ್ಡೆ ಕರಗುತ್ತಿದೆ ಎಂದು ಸ್ಕ್ಯಾನ್ ಹೇಳಿತ್ತು, ಮನೆಯವರು ಮುಂದಿನ ವರ್ಷದ ಶಾಲೆಯ ಮಾತಾಡುತ್ತಿದ್ದರು. ಒಂದು ಬೆಳಿಗ್ಗೆ ಹುಡುಗ ಚಳಿ ಎಂದ. ಮರುದಿನ ಸಂಜೆ ಹಾಸಿಗೆ ಖಾಲಿಯಾಗಿತ್ತು.

"ಕ್ಯಾನ್ಸರ್ ವಾಸಿ ಆಗ್ತಿದೆ ಅಂದಿದ್ರಲ್ಲ ಡಾಕ್ಟ್ರೇ?" ಎಂದು ತಂದೆ ಕೇಳಿದ.

"ಆಗ್ತಾ ಇತ್ತು. ಇದು ಲೈನಿನ ಮೂಲಕ ರಕ್ತಕ್ಕೆ ಸೇರಿದ ಸೋಂಕು" ಎಂದರು ವಾರ್ಡಿನ ಮುಖ್ಯಸ್ಥೆಯಾಗಿದ್ದ ದೊಡ್ಡ ಡಾಕ್ಟರು.

"ಅದು ಎಲ್ಲಿಂದ ಬಂತು?"

"ಇಲ್ಲಿಂದಲೇ ಬಂದಿರಬೇಕು" ಎಂದರು ಅವರು. ಸುತ್ತಿ ಬಳಸಿ ಹೇಳುವುದು ಅವರಿಗೆ ಬರುತ್ತಿರಲಿಲ್ಲ. ತಂದೆ ಜಗಳವಾಡಲಿಲ್ಲ. ಮಗನ ಚಪ್ಪಲಿ ಎತ್ತಿಕೊಂಡು ಹೋದ.

ಅದಾದ ಮೇಲೆ ಸೋಂಕು ತಡೆಯುವ ತರಬೇತಿಗೆ ವಾರ್ಡಿನಿಂದ ಒಬ್ಬರನ್ನು ಕಳಿಸುವುದೆಂದಾಯಿತು. ಕಲಿತು ಬಂದವರು ಉಳಿದವರಿಗೆಲ್ಲ ಕಲಿಸಬೇಕು. ದೊಡ್ಡ ಡಾಕ್ಟರು ಇವಳನ್ನೇ ಆರಿಸಿದರು. ತನಗಿಂತ ಹೆಚ್ಚು ಓದಿದವರಿದ್ದಾರಲ್ಲ ಎಂದದ್ದಕ್ಕೆ, "ಇದ್ದಾರೆ. ಆದ್ರೆ ನೀವು ಜಗಳಗಂಟಿ. ಈ ಕೆಲಸಕ್ಕೆ ಅದೂ ಬೇಕು" ಎಂದರು. ಅದನ್ನು ಹೊಗಳಿಕೆ ಎಂದು ತೆಗೆದುಕೊಳ್ಳಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ.

ಕಲಿತು ಬಂದವಳು ಹುರುಪಿನಿಂದ ಶುರುಮಾಡಿದಳು. ನರ್ಸುಗಳು, ಕಿರಿಯ ಡಾಕ್ಟರುಗಳು, ನೆಲ ಒರೆಸುವವರು, ಡ್ರಿಪ್ ಸ್ಟ್ಯಾಂಡ್ ತಳ್ಳುವವರು ಎಲ್ಲರನ್ನೂ ತಂಡ ತಂಡವಾಗಿ ಕೂರಿಸಿದಳು. ಕೈಗೆ ಒಂದು ಬಗೆಯ ಲೋಷನ್ ಹಚ್ಚಿಸಿ, ತೊಳೆದುಕೊಂಡು ಬನ್ನಿ ಎಂದು ಕಳಿಸಿ, ಕತ್ತಲೆ ಮಾಡಿದ ಕೋಣೆಯಲ್ಲಿ ನೀಲಿ ದೀಪದ ಕೆಳಗೆ ಹಿಡಿಸುತ್ತಿದ್ದಳು. ಸರಿಯಾಗಿ ತೊಳೆಯದ ಜಾಗ ಮಿಣುಗುಟ್ಟುತ್ತಿತ್ತು. ಹೆಚ್ಚಿನವರಿಗೆ ಹೆಬ್ಬೆರಳು, ಕೆಲವರಿಗೆ ಉಗುರಿನ ಸಂದಿ. ಜನ ನಕ್ಕರು, ಒಬ್ಬರ ಕೈಯನ್ನೊಬ್ಬರು ನೋಡಿ ಕಾಲೆಳೆದರು, ಕೊನೆಯ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದರು. ಒಂದು ತಿಂಗಳು ಕಳೆಯಿತು. ವಾರ್ಡು ಮೊದಲು ಹೇಗಿತ್ತೋ ಹಾಗೆಯೇ ಇತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ಎಂದು ಅವಳು ಗಂಡನೆದುರು ಹೇಳಿಕೊಂಡಳು.

"ಗಾಡಿ ಓಡ್ತಿಲ್ಲ ಅಂದ್ರೆ ಗಾಡಿ ನೋಡ್ಬೇಕು. ಓಡಿಸೋನಿಗೆ ಬೈದ್ರೆ ಏನು ಬಂತು?" ಎಂದ ಅವನು, ಊಟದ ತಟ್ಟೆಯಿಂದ ತಲೆಯೆತ್ತದೆ.

ಅವಳಿಗೆ ಸಿಟ್ಟು ಬಂತು. ಆದರೂ ಮರುದಿನ ಪಾಠ ನಿಲ್ಲಿಸಿ ವಾರ್ಡಿನ ಮೂಲೆಯಲ್ಲಿ ಒಂದು ಸ್ಟೂಲ್ ಹಾಕಿಕೊಂಡು ಕೂತಳು. ಕೂತು ನೋಡಿದರೆ, ಕೈ ತೊಳೆಯುವ ಬೇಸಿನ್ ಇದ್ದದ್ದು ಬಾಗಿಲ ಹಿಂದೆ. ಬಾಗಿಲು ತೆರೆದಾಗ ಅದು ಕಾಣುತ್ತಿರಲಿಲ್ಲ, ಮುಚ್ಚಿದಾಗ ಅದರ ಮುಂದೆ ಬಟ್ಟೆಯ ಗಾಡಿ ನಿಂತಿರುತ್ತಿತ್ತು. ಇನ್ನೊಂದು, ನರ್ಸುಗಳ ಕೈ. ಅವಳು ಇಷ್ಟು ದಿನ ಉಗುರು ನೋಡಿದ್ದಳು, ಚರ್ಮ ನೋಡಿರಲಿಲ್ಲ. ಆಸ್ಪತ್ರೆಯ ಒರಟು ಸೋಪಿಗೆ ಬೆರಳ ಗಂಟುಗಳು ಬಿರಿದಿದ್ದವು. ಉರಿಯುವ ಕೈಯನ್ನು ಯಾರು ಬೇಕೆಂದು ಮತ್ತೆ ಸೋಪಿಗೆ ಕೊಡುತ್ತಾರೆ? ದೊಡ್ಡ ಡಾಕ್ಟರ ಬೆನ್ನುಬಿದ್ದು ಪ್ರತಿ ಮಂಚದ ಕಾಲಿಗೂ ಕೈಗೆ ಉಜ್ಜಿಕೊಳ್ಳುವ ದ್ರವದ ಬಾಟಲಿ ಕಟ್ಟಿಸಿದಳು, ನರ್ಸುಗಳ ಕೋಣೆಯಲ್ಲಿ ಕೈಗೆ ಹಚ್ಚುವ ಕ್ರೀಮು ಇಡಿಸಿದಳು. ಬಟ್ಟೆಯ ಗಾಡಿಗೆ ಬೇರೆ ಜಾಗ ಹುಡುಕಿದಳು. ನಿಧಾನವಾಗಿ ವಾರ್ಡಿನ ನಡವಳಿಕೆ ತಿರುಗಿತು.

ಅದಕ್ಕೆ ಒಬ್ಬ ಪುಟ್ಟ ಹುಡುಗಿಯೂ ಸಹಾಯ ಮಾಡಿದಳು. ರಕ್ತದ ಕ್ಯಾನ್ಸರಿಗೆ ಬಹಳ ದಿನದಿಂದ ಬಂದು ಹೋಗುತ್ತಿದ್ದ ಆರು ವರ್ಷದ ಅವಳು ಕೇಳಿದ್ದನ್ನೆಲ್ಲ ಹಾಗೆಯೇ ಒಪ್ಪಿಸುತ್ತಿದ್ದುದರಿಂದ ಗಿಣಿ ಎಂದೇ ಹೆಸರಾಗಿದ್ದಳು. ಯಾರೇ ಹಾಸಿಗೆಯ ಹತ್ತಿರ ಬರಲಿ, ಕೈ ಸಿಸ್ಟರ್ ದನಿಯಲ್ಲೇ "ಕೈ?" ಎಂದು ಕೇಳುತ್ತಿದ್ದಳು. ಕಿರಿಯ ಡಾಕ್ಟರೊಬ್ಬ ತಡವಾಯಿತೆಂದು ಅವಸರದಲ್ಲಿ ಬಂದರೆ ಲೈನ್ ಇದ್ದ ಎದೆಯನ್ನು ಹೊದಿಕೆಯಿಂದ ಮುಚ್ಚಿಕೊಂಡು ಬಾಟಲಿಯ ಕಡೆ ಬೆರಳು ತೋರಿಸುತ್ತಿದ್ದಳು. ಆತ ಕೈ ಉಜ್ಜಿಕೊಳ್ಳುತ್ತಿದ್ದ.

ಲೈನಿನ ಸೋಂಕುಗಳು ಕಡಿಮೆಯಾದವು. ಬೇರೆ ಆಸ್ಪತ್ರೆಗಳವರು ಬಂದು ನೋಡಿಹೋದರು. ನಾಲ್ಕಾರು ಆಸ್ಪತ್ರೆಗಳ ನರ್ಸುಗಳಿಗೆ ಒಟ್ಟಿಗೆ ದೊಡ್ಡ ತರಬೇತಿಯೊಂದನ್ನು ಇಲ್ಲೇ ನಡೆಸುವುದೆಂದು, ಕೈ ಸಿಸ್ಟರೇ ನಡೆಸಬೇಕೆಂದು ತೀರ್ಮಾನವಾಯಿತು.

ಆ ತಯಾರಿಯ ನಡುವೆ ಒಂದು ಸಣ್ಣ ಪ್ರಸಂಗ ನಡೆಯಿತು. ಆಗ ಅದು ಸಣ್ಣದೆಂದೇ ಅವಳು ತಿಳಿದಿದ್ದಳು. ವಾರ್ಡಿನ ಹಳೆಯ ಆಯಾ ಒಬ್ಬರಿದ್ದರು. ಎಲ್ಲರೂ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದರು. ಒಂದು ದಿನ ಅವರು ಮಾಸ್ಕ್ ಒಳಗೆ ಕೆಮ್ಮು ನುಂಗಿಕೊಂಡು ನೆಲ ಒರೆಸುತ್ತಿದ್ದದ್ದು ಇವಳ ಕಣ್ಣಿಗೆ ಬಿತ್ತು.

"ದೊಡ್ಡಮ್ಮ, ನೆಗಡಿನಾ? ಮನೆಗೆ ಹೋಗಿ."

"ನೀವು ಹೋಗು ಅಂತೀರಿ ಸಿಸ್ಟರ್. ಹಾಜರಿ ಯಾರು ಹಾಕ್ತಾರೆ? ನಂದು ಗುತ್ತಿಗೆ ಕೆಲಸ."

"ಮಕ್ಕಳ ಜೀವ ದೊಡ್ಡದೋ, ನಿಮ್ಮ ಹಾಜರಿ ದೊಡ್ಡದೋ?"

ನಾಲ್ಕು ಜನರೆದುರು ಕೇಳಿದ ಪ್ರಶ್ನೆ. ದೊಡ್ಡಮ್ಮ ಬಕೆಟ್ಟನ್ನು ಗೋಡೆಗೊರಗಿಸಿ ಹೋದರು. ಆಮೇಲೆ ವಾರ್ಡಿನಲ್ಲಿ ಯಾರಿಗೂ ನೆಗಡಿಯಾಗಲಿಲ್ಲ. ತನ್ನ ಮಾತು ನಾಟಿತು ಎಂದುಕೊಂಡಳು ಕೈ ಸಿಸ್ಟರ್.

ತರಬೇತಿಗೆ ಎರಡು ವಾರ ಇರುವಾಗ, ಶಾಲೆಗೆ ಹೊರಟಿದ್ದ ಕಿರಿಮಗಳ ತಲೆ ಬಾಚುತ್ತಿದ್ದವಳ ಕೈ ನಿಂತಿತು. ಕಿವಿಯ ಹಿಂದೆ ಒಂದು ನೀರುಗುಳ್ಳೆ. ಜಡೆ ಎತ್ತಿದರೆ ಕತ್ತಿನ ಮೇಲೆ ಇನ್ನೆರಡು. ಅಂಗಿ ಬಿಚ್ಚಿ ನೋಡುವ ಅಗತ್ಯವೂ ಅವಳಿಗಿರಲಿಲ್ಲ. ಚಿಕನ್‌ಪಾಕ್ಸ್. ಮನೆಯ ಮಗುವಿಗಾದರೆ ಒಂದು ವಾರದ ತುರಿಕೆ, ಶಾಲೆಗೆ ರಜೆ. ವಾರ್ಡಿನ ಮಕ್ಕಳಿಗಾದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಅದು ಹರಡುವುದಕ್ಕೆ ಮುಟ್ಟಬೇಕೆಂದೂ ಇಲ್ಲ, ಒಂದೇ ಕೋಣೆಯ ಗಾಳಿ ಸಾಕು. ಎಷ್ಟು ಕೈ ತೊಳೆದರೂ ಪ್ರಯೋಜನವಿಲ್ಲ.

ಬಾಚಣಿಗೆ ಹಿಡಿದುಕೊಂಡೇ ಅವಳು ದೊಡ್ಡ ಡಾಕ್ಟರಿಗೆ ಫೋನ್ ಮಾಡಿದಳು.

"ನಿಮಗೆ ಚಿಕ್ಕಂದಿನಲ್ಲಿ ಬಂದಿತ್ತಾ?" ಎಂಬುದು ಅವರ ಮೊದಲ ಪ್ರಶ್ನೆ. ಒಮ್ಮೆ ಬಂದವರಿಗೆ ಮತ್ತೆ ಬರುವುದು ಅಪರೂಪ.

ಅದು ಅವಳಿಗೆ ಗೊತ್ತಿರಲಿಲ್ಲ. ತಾಯಿಗೆ ಫೋನ್ ಮಾಡಿದಳು.

"ಬಂದಿತ್ತು ಕಣೇ. ಮೈಯೆಲ್ಲ ಎದ್ದಿತ್ತು. ರಾತ್ರಿಯೆಲ್ಲ ಕೆರ್ಕೊಂಡು ಅಳ್ತಿದ್ದೆ. ನಾನೇ ಬೀಸಣಿಗೆ ಹಿಡ್ಕೊಂಡು ಕೂತಿದ್ದೆ, ಮರೀತೀನಾ?" ಎಂದರು ತಾಯಿ, ಖಚಿತವಾಗಿ.

ಜೀವ ಬಂದಂತಾಯಿತು. ಆದರೂ ಅಕ್ಕನಿಗೊಂದು ಮಾತು ಕೇಳಿಬಿಡೋಣ ಎನಿಸಿತು.

"ಅಮ್ಮನ ಕಥೆ ಬಿಡು" ಎಂದಳು ಅಕ್ಕ. "ಅದು ನಂಗೆ ಬಂದದ್ದು. ನಿನ್ನನ್ನ ಅಜ್ಜಿ ಮನೆಗೆ ಕಳಿಸಿದ್ರು. ಹಣೆ ಮೇಲೆ ಕಲೆ ಯಾರಿಗಿದೆ, ನಂಗಾ ನಿಂಗಾ?"

ಕಲೆ ಅಕ್ಕನ ಹಣೆಯಲ್ಲೇ ಇತ್ತು. ರಕ್ತ ಪರೀಕ್ಷೆಯೂ ಅಕ್ಕನ ಪರವಾಗಿಯೇ ಬಂತು. ಇವಳ ಮೈಯಲ್ಲಿ ಆ ರೋಗದ ವಿರುದ್ಧ ಏನೂ ಇರಲಿಲ್ಲ. ವಾರ್ಡಿನ ಕಟ್ಟಡದಿಂದ ದೂರ, ಹೊರರೋಗಿಗಳ ಕೋಣೆಯಲ್ಲಿ ಅವಳಿಗೆ ಲಸಿಕೆ ಹಾಕಿಸಿದ ದೊಡ್ಡ ಡಾಕ್ಟರು, "ಇದರಿಂದ ಬಾರದೆ ಇರಬಹುದು, ಬಂದ್ರೂ ಜೋರಾಗಿ ಬರಲಿಕ್ಕಿಲ್ಲ. ನಿನ್ನೆವರೆಗೆ ನೀವು ವಾರ್ಡಲ್ಲಿದ್ದದ್ದಕ್ಕೆ ಹೆದರಿಕೆ ಇಲ್ಲ, ತಗುಲಿದ್ರೂ ಅಷ್ಟು ಬೇಗ ನಿಮ್ಮಿಂದ ಹರಡಲ್ಲ. ಆದ್ರೆ ಇನ್ನು ಮೂರು ವಾರ ಈ ಕಡೆ ಬರಬೇಡಿ" ಎಂದರು.

"ತರಬೇತಿ ಇದೆಯಲ್ಲ ಮೇಡಂ. ಅದು ಹಾಲ್‌ನಲ್ಲಿ, ವಾರ್ಡಲ್ಲಲ್ಲ."

"ಕೇಳೋಕೆ ಬರೋರು ಮರುದಿನ ಎಲ್ಲಿಗೆ ಹೋಗ್ತಾರೆ?"

ಇದೇ ಪ್ರಶ್ನೆಯನ್ನು ಅವಳೇ ತರಗತಿಯಲ್ಲಿ ಕೇಳುತ್ತಿದ್ದವಳು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಯಾರೂ ಆಡಿಕೊಳ್ಳುವಂತಾಗಬಾರದಲ್ಲ.

ರಜೆ ಕೇಳಲು ಆಡಳಿತ ಕಚೇರಿಗೆ ಫೋನ್ ಮಾಡಿದಾಗ ಇನ್ನೊಂದು ಎದುರಾಯಿತು. ಮ್ಯಾನೇಜರ್ ಕೆಟ್ಟ ಮನುಷ್ಯನಲ್ಲ, ನಿಯಮದ ಮನುಷ್ಯ.

"ಜ್ವರ ಇದೆಯಾ ಸಿಸ್ಟರ್?"

"ಇಲ್ಲ ಸರ್."

"ಗುಳ್ಳೆ?"

"ಇನ್ನೂ ಇಲ್ಲ."

"ರೋಗ ಬಂದೋರಿಗೆ ರಜೆ ಕೊಡೋಕೆ ನಿಯಮ ಇದೆ. ಬರಬಹುದು ಅನ್ನೋರಿಗೆ ಎಲ್ಲಿದೆ ಹೇಳಿ? ನಿಮ್ಮ ಸ್ವಂತ ರಜೆ ಹಾಕ್ಕೊಳ್ಳಿ. ಅದು ಮುಗಿದ್ರೆ ಗೈರುಹಾಜರಿ ಆಗುತ್ತೆ."

ಫೋನಿಟ್ಟ ಮೇಲೆ ಅವಳು ಬಹಳ ಹೊತ್ತು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದಳು. ಒಳಗೆ ಮಗಳು ತುರಿಕೆ ತಡೆಯಲಾರದೆ ರಾಗ ಎಳೆಯುತ್ತಿದ್ದಳು. ಹಾಜರಿ ಎಂಬ ಪದ ಈ ಮೊದಲು ಎಲ್ಲಿ ಕೇಳಿದ್ದೆ ಎಂದು ಅವಳು ನೆನಪಿಸಿಕೊಳ್ಳಬೇಕಾಗಿ ಬರಲಿಲ್ಲ.

ಎರಡು ಕೋಣೆಯ ಮನೆ. ಗಂಡನಿಗೆ ಚಿಕ್ಕಂದಿನಲ್ಲೇ ರೋಗ ಬಂದು ಹೋಗಿತ್ತು. ಅವನು ಎಂದಿನಂತೆ ಶೆಡ್ಡಿಗೆ ಹೋದ, ಬಂದ. ದೊಡ್ಡ ಮಗಳಿಗೆ ಮೊದಲೇ ಲಸಿಕೆಯಾಗಿತ್ತು. ಕಿರಿಯವಳಿಗೆ ಹಾಕಿಸಬೇಕಾದ ವರ್ಷ ಇವಳಿಗೆ ಪಾಳಿಯ ಮೇಲೆ ಪಾಳಿ ಬಿದ್ದು, ನಾಳೆ ನಾಡಿದ್ದು ಎನ್ನುತ್ತ ಅದು ಹಿಂದೆ ಬಿದ್ದಿತ್ತು. ಮೊದಲೆರಡು ದಿನ ಅವಳು ಕಪಾಟು ಒರೆಸಿದಳು, ಪಾತ್ರೆ ಬೆಳಗಿದಳು, ಗಂಡ ಮನೆಗೆ ಬಂದಾಗಲೆಲ್ಲ ಅವನ ಕೈ ತಿಕ್ಕಿಸಿದಳು. ಮೂರನೆಯ ದಿನ ಅವನು, "ನಿನ್ನ ವಾರ್ಡಿಗೆ ಫೋನ್ ಮಾಡಿ ಅವರ ತಲೆ ತಿನ್ನು ಮಾರಾಯ್ತಿ, ನನ್ನ ಚರ್ಮ ಹೋಗ್ತಿದೆ" ಎಂದ.

ಅವಳು ಫೋನ್ ಮಾಡಿದ್ದು ದೊಡ್ಡಮ್ಮನಿಗೆ.

"ಮಗು ಹೇಗಿದೆ ಸಿಸ್ಟರ್? ಉಗುರು ಕತ್ತರಿಸಿಬಿಡಿ, ಕೆರ್ಕೊಂಡ್ರೆ ಕಲೆ ಉಳಿಯುತ್ತೆ" ಎಂದರು ದೊಡ್ಡಮ್ಮ.

"ಕತ್ತರಿಸಿದೀನಿ. ದೊಡ್ಡಮ್ಮ, ಅವತ್ತು ನಿಮ್ಮನ್ನ ಮನೆಗೆ ಕಳಿಸಿದ್ನಲ್ಲ, ಹಾಜರಿ ಹೋಯ್ತಾ?"

"ಹೋಗದೆ ಇರುತ್ತಾ? ಬಿಡಿ, ಹಳೇ ಮಾತು."

"ಆಮೇಲೆ ನೆಗಡಿ ಆದ್ರೆ ಏನು ಮಾಡ್ತಿದ್ರಿ?"

ದೊಡ್ಡಮ್ಮ ದನಿ ತಗ್ಗಿಸಿ ಹೇಳಿದರು, "ಮಾತ್ರೆ ನುಂಗಿ ಬರ್ತಿದ್ದೆ. ನಾನೊಬ್ಬಳೇ ಅಲ್ಲ ಸಿಸ್ಟರ್, ಎಲ್ರೂ. ಚಿಕ್ಕ ಡಾಕ್ಟ್ರುಗಳೂ. ನೀವು ಕೈ ನೋಡ್ತೀರಿ, ಗಂಟಲು ನೋಡಲ್ವಲ್ಲ ಅಂತ ನಾವೆಲ್ಲ ನಗ್ತಿದ್ವಿ."

ಬೈಯುವುದಕ್ಕೆ ಅವಳ ಬಾಯಿ ತೆರೆಯಿತು. ಬೈಯಲಿಲ್ಲ. ದೊಡ್ಡಮ್ಮನಲ್ಲಿ ಕ್ಷಮೆ ಕೇಳಿದಳೋ ಎಂದರೆ ಅದೂ ಇಲ್ಲ. ಅವಳಿಗೆ ಅದು ಸುಲಭವಾಗಿ ಬರುತ್ತಿರಲಿಲ್ಲ. "ನಾನು ಬಂದ ಮೇಲೆ ಇದಕ್ಕೊಂದು ದಾರಿ ಹುಡುಕೋಣ" ಎಂದಷ್ಟೇ ಹೇಳಿದಳು.

ತರಬೇತಿ ಅವಳಿಲ್ಲದೆಯೇ ನಡೆಯಿತು. ನಡೆಸಿದವಳು ವಾರ್ಡಿನ ಕಿರಿಯ ನರ್ಸ್, ಗಾಳಿ ಬಂದರೆ ಹಾರಿಹೋಗುವಂತಿದ್ದ ಕಡ್ಡಿಯಂಥ ಹುಡುಗಿ. ಹಿಂದಿನ ದಿನ ಫೋನಿನಲ್ಲಿ, "ಅಕ್ಕ, ನಂಗೆ ಕಾಲು ನಡುಗ್ತಿದೆ" ಎಂದಿದ್ದಳು. "ಕಾಲು ನಡುಗ್ಲಿ, ಮೇಜಿನ ಹಿಂದೆ ಯಾರಿಗೂ ಕಾಣಲ್ಲ. ಕೈ ನಡುಗದಿದ್ರೆ ಸಾಕು" ಎಂದು ಇವಳು ಧೈರ್ಯ ಹೇಳಿದ್ದಳು. ಆ ದಿನವೆಲ್ಲ ಮನೆಯಲ್ಲಿ ಒಂದು ಕಡೆ ನಿಲ್ಲಲಾರದೆ ತಿರುಗಿದಳು. ಸಂಜೆ ಸುದ್ದಿ ಬಂತು. ಚೆನ್ನಾಗಿ ಆಯಿತಂತೆ. ಹುಡುಗಿ ಪಾಠಕ್ಕಿಂತ ಹೆಚ್ಚಾಗಿ ಬಂದವರಿಂದಲೇ ಮಾಡಿಸಿ ತೋರಿಸಿದಳಂತೆ. ಕೊನೆಗೆ ಯಾರೂ ಎದ್ದು ಹೋಗದೆ ಪ್ರಶ್ನೆ ಕೇಳುತ್ತಲೇ ಇದ್ದರಂತೆ. ಕೈ ಸಿಸ್ಟರ್‌ಗೆ ಸಂತೋಷವಾಯಿತು. ಜೊತೆಗೆ ಎಲ್ಲೋ ಸಣ್ಣಗೆ ಚುಚ್ಚಿತು ಎಂಬುದನ್ನೂ ಇಲ್ಲಿ ಹೇಳಬೇಕು. ತಾನಿಲ್ಲದಿದ್ದರೆ ನಡೆಯುವುದಿಲ್ಲ ಎಂದು ಇಷ್ಟು ವರ್ಷ ಅಂದುಕೊಂಡಿದ್ದವಳಲ್ಲವೇ?

ಮರುದಿನ ಬೆಳಿಗ್ಗೆ ಸ್ನಾನಕ್ಕೆ ಹೋದವಳಿಗೆ ಹೊಟ್ಟೆಯ ಮೇಲೆ ಮೂರು ಗುಳ್ಳೆ ಕಂಡವು. ಲಸಿಕೆಯ ಪುಣ್ಯ, ಮೂರು ಹತ್ತಾದದ್ದು ಬಿಟ್ಟರೆ ಮುಂದೆ ಹೋಗಲಿಲ್ಲ. ಆದರೆ ಈ ರೋಗ ಗುಳ್ಳೆ ಕಾಣುವ ಮೊದಲೇ ಹರಡಲು ಶುರುವಾಗುತ್ತದೆ. ನಿನ್ನೆ ಆ ಹಾಲ್‌ನಲ್ಲಿ ನಿಂತು ದಿನವೆಲ್ಲ ಮಾತಾಡಿದ್ದರೆ? ಬಂದವರೆಲ್ಲ ಇಂದು ತಂತಮ್ಮ ವಾರ್ಡುಗಳಲ್ಲಿ, ಬೋಳುತಲೆಯ ಮಕ್ಕಳ ಮೇಲೆ ಬಾಗಿ ನಿಂತಿರುತ್ತಿದ್ದರು. ಅವಳು ಬಚ್ಚಲಿನ ಸ್ಟೂಲಿನ ಮೇಲೆ ಕೂತುಬಿಟ್ಟಳು. ಎಷ್ಟು ಹೊತ್ತಾದರೂ ನೀರಿನ ಸದ್ದು ಕೇಳದ್ದಕ್ಕೆ ಗಂಡ ಬಾಗಿಲು ತಟ್ಟಿದ.

ಮ್ಯಾನೇಜರಿಗೆ ಅವಳೇ ಫೋನ್ ಮಾಡಿದಳು. "ಸರ್, ಈಗ ಗುಳ್ಳೆ ಬಂದಿದೆ. ಇನ್ನು ನಿಯಮದ ಪ್ರಕಾರ ರಜೆ ಕೊಡ್ತೀರಲ್ಲ?"

ಆತ ನಗಲಿಲ್ಲ. "ಬನ್ನಿ, ವಾಸಿಯಾದ ಮೇಲೆ ಕೂತು ಮಾತಾಡೋಣ" ಎಂದ.

ಅವಳು ಮನೆಯಲ್ಲಿದ್ದ ಕಾಲದಲ್ಲೇ ಗಿಣಿಯ ಚಿಕಿತ್ಸೆ ಮುಗಿಯಿತು. ಲೈನ್ ತೆಗೆದರು, ಬ್ಯಾಗು ಕಟ್ಟಿದರು. ಮುಂದೆ ಆಗಾಗ ತೋರಿಸಿಕೊಂಡು ಹೋದರೆ ಸಾಕು. ಹೊರಡುವ ಮುಂಚೆ ಕಡ್ಡಿ ನರ್ಸ್ ಫೋನನ್ನು ಹುಡುಗಿಯ ಕಿವಿಗೆ ಹಿಡಿದಳು.

"ನೀವ್ಯಾಕೆ ಬರಲಿಲ್ಲ?" ಎಂದಳು ಗಿಣಿ.

"ನಂಗೆ ಗುಳ್ಳೆ ಆಗಿದೆ ಪುಟ್ಟಿ. ನಾ ಬಂದ್ರೆ ನಿಂಗೂ ಆಗುತ್ತೆ."

"ಹಾಗಾದ್ರೆ ಬರಬೇಡಿ" ಎಂದು ಅವಳು ಫೋನ್ ವಾಪಸ್ ಕೊಟ್ಟಳು. ಹೇಳಬೇಕೆಂದು ಅವಳಿಗಾಗಿ ಕೂಡಿಸಿಟ್ಟಿದ್ದ ಮಾತುಗಳು ಕೈ ಸಿಸ್ಟರ್ ಬಾಯಲ್ಲೇ ಉಳಿದವು.

ಕೊನೆಯ ಗುಳ್ಳೆಯೂ ಒಣಗಿ ಚಕ್ಕೆಯಾದ ಮೇಲೆ ಅವಳು ಕೆಲಸಕ್ಕೆ ಮರಳಿದಳು. ಮೊದಲು ಹೋದದ್ದು ಮ್ಯಾನೇಜರ ಕೋಣೆಗೆ, ದೊಡ್ಡ ಡಾಕ್ಟರನ್ನೂ ಕರೆದುಕೊಂಡು. ಅವಳು ಕೇಳಿದ್ದು ಎರಡು. ವಾರ್ಡಿಗೆ ಕಾಲಿಡುವ ಪ್ರತಿಯೊಬ್ಬರಿಗೂ ರಕ್ತ ಪರೀಕ್ಷೆ ಮಾಡಿಸಿ, ಬೇಕಾದವರಿಗೆ ಲಸಿಕೆ ಹಾಕಿಸಬೇಕು, ಗುತ್ತಿಗೆಯವರೂ ಸೇರಿ. ನೆಗಡಿ, ಜ್ವರ ಎಂದು ಬಾಯಿಬಿಟ್ಟು ಹೇಳಿದವರ ಹಾಜರಿಗೆ ಕೈ ಹಾಕಬಾರದು. ಮೊದಲನೆಯದಕ್ಕೆ ಮ್ಯಾನೇಜರ್ ಒಪ್ಪಿದ. ಎರಡನೆಯದಕ್ಕೆ ಆಗದೆಂದು ತಲೆಯಾಡಿಸಿದ. "ಎಲ್ರೂ ಸೋಮವಾರ ಸೋಮವಾರ ಸೀನ್ತಾರೆ ಸಿಸ್ಟರ್."

"ಸೀನಲಿ" ಎಂದಳು ಅವಳು. "ಮನೆಗೆ ಕಳಿಸೋದು ಬೇಡ. ಜ್ವರ ಇದ್ರೆ ಮಾತ್ರ ಮನೆಗೆ. ಬರೀ ನೆಗಡಿ ಆದ್ರೆ ಮಕ್ಕಳಿಲ್ಲದ ಕಡೆ ಹಾಕಿ. ಸ್ಟೋರಲ್ಲಿ ಡಬ್ಬ ಜೋಡಿಸೋಕೆ, ಹಳೇ ಫೈಲು ಕಟ್ಟೋಕೆ ಜನ ಇಲ್ಲ ಅಂತ ನೀವೇ ಗೊಣಗ್ತಿರ್ತೀರಲ್ಲ."

ದೊಡ್ಡ ಡಾಕ್ಟರು "ಬಟ್ಟೆ ಅಂಗಡಿಯವರ ಮಗ ನೆನಪಿದ್ದಾನಾ?" ಎಂದು ಮಾತ್ರ ಕೇಳಿದರು. ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿದ. ಆ ಹುಡುಗನ ಬಿಲ್ಲು ಮನ್ನಾ ಮಾಡಿಸಲು ಓಡಾಡಿದವನು ಅವನೇ ಎಂಬುದು ಕೈ ಸಿಸ್ಟರ್‌ಗೆ ಅಂದೇ ಗೊತ್ತಾದದ್ದು. ಸ್ವಲ್ಪ ದಿನ ಮಾಡಿ ನೋಡೋಣ ಎಂದ. ಆ ಸ್ವಲ್ಪ ದಿನ ಇವತ್ತಿಗೂ ಮುಗಿದಿಲ್ಲ. ಸೋಮವಾರ ಸೀನುವವರು ಇಬ್ಬರು ಮೂವರು ಇದ್ದೇ ಇದ್ದಾರೆ. ಅವರು ಕಟ್ಟಿದ ಫೈಲುಗಳು ಬಹಳ ಅಚ್ಚುಕಟ್ಟಾಗಿವೆಯಂತೆ.

ಸೋಂಕು ನಿಂತೇಹೋಯಿತು ಎಂದರೆ ಸುಳ್ಳಾಗುತ್ತದೆ. ಮರುವರ್ಷ ಒಂದು ಮಗು ಶ್ವಾಸಕೋಶದ ಸೋಂಕಿನಿಂದಲೇ ಹೋಯಿತು, ಎಲ್ಲಿಂದ ಬಂತೆಂದು ಕೊನೆಗೂ ತಿಳಿಯಲಿಲ್ಲ. ಕೈ ಸಿಸ್ಟರ್ ಆ ವಾರವೂ ತರಗತಿ ತೆಗೆದುಕೊಂಡಳು.

ಅವಳ ತರಗತಿ ಈಗ ನೀಲಿ ದೀಪದಿಂದ ಶುರುವಾಗುವುದಿಲ್ಲ. ಬಂದವರನ್ನು ಕೂರಿಸಿ, "ಇವತ್ತು ನಿಮ್ಮಲ್ಲಿ ಯಾರಿಗೆ ಮೈ ಸರಿ ಇಲ್ಲ?" ಎಂದು ಕೇಳುತ್ತಾಳೆ. ಮೊದಲ ಬಾರಿ ಕೇಳಿದಾಗ ಯಾರೂ ಮಿಸುಕಲಿಲ್ಲ. ಒಬ್ಬರ ಮುಖವನ್ನೊಬ್ಬರು ನೋಡಿದರು. ಅವಳು ಮತ್ತೆ ಕೇಳದೆ, ಮೇಜಿಗೆ ಒರಗಿ ಕಾಯುತ್ತ ನಿಂತಳು. ತರಬೇತಿಯನ್ನು ಉದ್ಘಾಟಿಸಲು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ ದೊಡ್ಡ ಡಾಕ್ಟರು ಆಚೀಚೆ ನೋಡಿ, ಮೆಲ್ಲಗೆ ತಮ್ಮ ಕೈ ಎತ್ತಿದರು.

"ಬೆಳಿಗ್ಗೆಯಿಂದ ಗಂಟಲು ಕೆರೀತಿದೆ" ಎಂದರು.

"ಹಾಗಾದ್ರೆ ಹೊರಗೆ ಹೋಗಿ ಮೇಡಂ. ಮಾಸ್ಕ್ ಆ ಪೆಟ್ಟಿಗೇಲಿದೆ."

ಅವರು ಚೀಲ ಎತ್ತಿಕೊಂಡು ಹೊರಗೆ ಹೋದರು. ಬಾಗಿಲು ಮುಚ್ಚಿದ ಮೇಲೆ ಹಿಂದಿನ ಸಾಲಿನಲ್ಲಿ ಒಂದು ಕೈ ಎದ್ದಿತು, ಆಮೇಲೆ ಕಿಟಕಿಯ ಪಕ್ಕದಲ್ಲಿ ಎರಡು. ಅವರನ್ನೆಲ್ಲ ಕಳಿಸಿ, ಕಿಟಕಿ ತೆರೆಸಿ, ಕುರ್ಚಿಗಳನ್ನು ದೂರ ದೂರ ಸರಿಸುವುದರಲ್ಲಿ ಆ ದಿನದ ಪಾಠ ತಡವಾಗಿ ಶುರುವಾಯಿತು.